ಹೊಸ ವರ್ಷಕ್ಕೆ ಊರು ಸುಡುವ ನಾಟಕ

ಆಮ್‌ಸ್ಟರ್‌ಡ್ಯಾಮಿನ ವೊಂಡೆಲ್‌ಪಾರ್ಕ್‌ನಲ್ಲಿ ಎತ್ತರದ ಪೀಠದ ಮೇಲೆ ಕುಳಿತಿರುವ ಕಂಚಿನ ಪ್ರತಿಮೆ ಕವಿ ಯೋಸ್ಟ್ ಫಾನ್ ಡೆನ್ ವೊಂಡೆಲ್‌ನದು. ಕಾಲುಚೀಲದ ವ್ಯಾಪಾರ ಮಾಡಿಕೊಂಡೇ ನಾಟಕ ಬರೆದವನು ಅವನು. ಅವನ ‘ಗೈಸ್‌ಬ್ರೆಖ್ತ್ ಫಾನ್ ಏಮ್‌ಸ್ಟೆಲ್’ ನಾಟಕವನ್ನು ಈ ಊರಿನವರು ಮುನ್ನೂರಕ್ಕೂ ಹೆಚ್ಚು ವರ್ಷ ಹೊಸ ವರ್ಷದ ಹೊತ್ತಿಗೆ ಮನೆಮಂದಿಯೊಡನೆ ಹೋಗಿ ನೋಡುತ್ತಿದ್ದರು. ನಡುನಡುವೆ ನಿಂತದ್ದುಂಟು, ಆದರೂ 1968ರವರೆಗೆ ಆ ರೂಢಿ ಬಾಳಿತು.

ನಾಟಕ ಹುಟ್ಟಿದ್ದು ಒಂದು ಕಟ್ಟಡದ ಉದ್ಘಾಟನೆಗಾಗಿ. ಕೈಜರ್ಸ್‌ಗ್ರಾಖ್ತ್ ಕಾಲುವೆಯ ಪಕ್ಕ ಯಾಕೋಬ್ ಫಾನ್ ಕಾಂಪೆನ್ ವಿನ್ಯಾಸದ ಹೊಸ ರಂಗಮಂದಿರ ಎದ್ದಿತ್ತು. ಅದರ ಲಾಭ ಅನಾಥಾಲಯಕ್ಕೂ ವೃದ್ಧರ ಆಶ್ರಮಕ್ಕೂ ಸೇರುವ ಏರ್ಪಾಡು. 1637ರ ಡಿಸೆಂಬರ್ 26ಕ್ಕೆ ಮೊದಲ ಪ್ರದರ್ಶನ ಗೊತ್ತಾಗಿತ್ತು. ನಾಟಕದಲ್ಲಿ ಕ್ಯಾಥೊಲಿಕ್ ಪೂಜಾವಿಧಿ ಇದೆಯೆಂದು ಪ್ರಾಟೆಸ್ಟೆಂಟ್ ಪಾದ್ರಿಗಳು ತಕರಾರು ತೆಗೆದರು. ಕೊನೆಗೆ ಆಟ ನಡೆದದ್ದು 1638ರ ಜನವರಿ 3ರಂದು.

ಕಥೆ ನಡೆಯುವುದು ಕ್ರಿಸ್‌ಮಸ್ ಹಿಂದಿನ ರಾತ್ರಿ, 1300ರ ಆಸುಪಾಸಿನ ಆಮ್‌ಸ್ಟರ್‌ಡ್ಯಾಮಿನಲ್ಲಿ. ಮುತ್ತಿಗೆ ಹಾಕಿದ್ದ ವೈರಿಗಳು ಸೋತು ಓಡಿದಂತೆ ನಟಿಸುತ್ತಾರೆ. ಸೌದೆ ತುಂಬಿದ ಹಡಗೊಂದನ್ನು ಬಿಟ್ಟು ಹೋಗುತ್ತಾರೆ. ಚಳಿಗಾಲಕ್ಕೆ ಒದಗಿತೆಂದು ಊರವರು ಅದನ್ನು ಒಳಗೆ ಎಳೆದುಕೊಳ್ಳುತ್ತಾರೆ. ಸೌದೆಯ ಅಡಿಯಲ್ಲಿ ಸೈನಿಕರಿದ್ದಾರೆ. ಟ್ರಾಯ್ ನಗರದ ಮರದ ಕುದುರೆಯ ಕಥೆಯನ್ನು ವೊಂಡೆಲ್ ರೋಮನ್ ಕವಿ ವರ್ಜಿಲನಿಂದ ತಂದು ತನ್ನೂರಿಗೆ ಹೊಂದಿಸಿದ್ದ. ಹಡಗಿನ ಹೆಸರೂ ‘ಕಡಲಕುದುರೆ’ಯೇ. ಜನ ಹಬ್ಬದ ಪೂಜೆಯಲ್ಲಿರುವಾಗ ಊರಿಗೆ ಬೆಂಕಿ ಬೀಳುತ್ತದೆ. ಮಠದ ಸನ್ಯಾಸಿನಿಯರ ಕಗ್ಗೊಲೆಯನ್ನು ತೋರಿಸಲು ನಟರು ಮಾತಿಲ್ಲದೆ, ಅಲುಗಾಡದೆ ಸ್ತಬ್ಧಚಿತ್ರವಾಗಿ ನಿಲ್ಲುತ್ತಿದ್ದರು. ದೊರೆ ಗೈಸ್‌ಬ್ರೆಖ್ತ್ ಹೆಂಡತಿ ಬಾಡೆಲೋಖ್‌ಳನ್ನು ಮಕ್ಕಳೊಡನೆ ಪಾರಾಗು ಎಂದರೆ ಅವಳು ಗಂಡನನ್ನು ಬಿಟ್ಟು ಕದಲುವುದಿಲ್ಲ. ಆಗ ದೇವದೂತ ರಾಫೆಲ್ ಪ್ರತ್ಯಕ್ಷನಾಗಿ ಊರು ಬಿಡಲು ಹೇಳುತ್ತಾನೆ. ಮುನ್ನೂರು ವರ್ಷಗಳಲ್ಲಿ ಈ ಊರು ಮತ್ತೆ ತಲೆಯೆತ್ತಿ ಮೆರೆಯುವುದೆಂದು ಭರವಸೆ ಕೊಡುತ್ತಾನೆ. ನೋಡುತ್ತ ಕುಳಿತವರೇ ಆ ಮೆರೆದ ಊರಿನ ಜನ! ಈ ನಾಟಕದ ಜೀವ ಇರುವುದೇ ಅಲ್ಲಿ.

ಆರಂಭದಲ್ಲಿ ಬಾಡೆಲೋಖ್ ಪಾತ್ರಕ್ಕೂ ಗಂಡಸರೇ. ಆ ರಂಗದ ಮೇಲೆ ಮೊದಲ ನಟಿ ಆರಿಯಾನಾ ನೋಜೆಮಾನ್ ಕಾಣಿಸಿಕೊಂಡದ್ದು 1655ರಲ್ಲಿ. ಯಕ್ಷಗಾನದ ಸ್ತ್ರೀವೇಷ ನೋಡಿ ಬೆಳೆದ ನಮಗೆ ಇದು ಹೊಸದೇನಲ್ಲ.

ಇಷ್ಟು ದುಃಖದ ಮೇಲೆ ನಗು ಬೇಡವೇ? ಮುಂದೆ ಇದರ ಬೆನ್ನಿಗೇ ‘ಕ್ಲೋರಿಸ್ ಮತ್ತು ರೋಸ್ಯೆಯ ಮದುವೆ’ ಎಂಬ ಪ್ರಹಸನ ಸೇರಿಕೊಂಡಿತು. ಅದರಲ್ಲಿ ಥೋಮಾಸ್‌ಫಾರ್, ಪೀಟರ್‌ನೆಲ್ ಎಂಬ ಜೋಡಿ ಪ್ರಾಸಬದ್ಧ ಮಾತಿನಲ್ಲಿ ಹಳೆಯ ವರ್ಷದ ಆಗುಹೋಗುಗಳನ್ನು ಹಿಡಿದು ಜಾಡಿಸಿ, ಹೊಸ ವರ್ಷದ ಶುಭ ಕೋರುತ್ತಿದ್ದರು. ಇಂದು ಡಿಸೆಂಬರ್ 31ರ ರಾತ್ರಿ ಡಚ್ಚರು ಟಿವಿ ಮುಂದೆ ಕುಳಿತು ನೋಡುವ ವರ್ಷಾಂತ್ಯದ ಹಾಸ್ಯ ಕಾರ್ಯಕ್ರಮ ಇದೇ ಜಾಡಿನದು. 1954ರಲ್ಲಿ ಹಾಸ್ಯಗಾರ ವಿಮ್ ಕಾನ್ ರೇಡಿಯೊದಲ್ಲಿ ಅದನ್ನು ಶುರು ಮಾಡಿದ.

1969ರ ಅಕ್ಟೋಬರ್‌ನಲ್ಲಿ ಯುವಕರು ಹಳೆಯ ಬಗೆಯ ರಂಗಭೂಮಿಯನ್ನು ವಿರೋಧಿಸಿ ಆಮ್‌ಸ್ಟರ್‌ಡ್ಯಾಮಿನ ರಂಗಮಂದಿರದಲ್ಲಿ ನಟರತ್ತ ಟೊಮೆಟೊ ಎಸೆದರು. ಗೈಸ್‌ಬ್ರೆಖ್ತ್ ನಾಟಕದ ರೂಢಿ ಆ ಹೊತ್ತಿಗಾಗಲೇ ನಿಂತಿತ್ತು. ಹಳತನ್ನು ಪ್ರಶ್ನಿಸುವುದು ತಪ್ಪಲ್ಲ. ಆದರೆ ಅಜ್ಜ–ಮೊಮ್ಮಗ ಒಟ್ಟಿಗೆ ಕುಳಿತು ತಮ್ಮೂರ ಕಥೆ ನೋಡುವ ಒಂದು ದಿನ ಕೈತಪ್ಪಿದ್ದು ನಿಜವಾದ ನಷ್ಟ.

ಅದನ್ನು ಸ್ವಲ್ಪಮಟ್ಟಿಗೆ ತುಂಬಿಕೊಟ್ಟದ್ದು ಒಂದು ಬ್ಯಾಲೆ. ಚೈಕೊವ್‌ಸ್ಕಿಯ ‘ನಟ್‌ಕ್ರ್ಯಾಕರ್’ ಹುಟ್ಟಿದ್ದು 1892ರಲ್ಲಿ, ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ. 1996ರಲ್ಲಿ ಡಚ್ ರಾಷ್ಟ್ರೀಯ ಬ್ಯಾಲೆ ತಂಡಕ್ಕಾಗಿ ಟೂರ್ ಫಾನ್ ಸ್ಕೈಕ್ ಮತ್ತು ವೇಯ್ನ್ ಈಗ್ಲಿಂಗ್ ಅದನ್ನು ಆಮ್‌ಸ್ಟರ್‌ಡ್ಯಾಮಿನ ಕಾಲುವೆ ಪಕ್ಕದ ಮನೆಯೊಂದಕ್ಕೆ ತಂದರು. ಕಥೆ ನಡೆಯುವ ಹೊತ್ತು ಕ್ರಿಸ್‌ಮಸ್ ಬದಲು ಡಿಸೆಂಬರ್ 5ರ ಸಂಜೆ. ಡಚ್ ಮಕ್ಕಳು ಉಡುಗೊರೆಗಾಗಿ ಕಾಯುವ ಸಿಂಟರ್‌ಕ್ಲಾಸ್ ಹಬ್ಬ. ಬ್ಯಾಲೆ ಶಾಲೆಯ ಮಕ್ಕಳೂ ಇದರಲ್ಲಿ ಕುಣಿಯುತ್ತಾರೆ. ಹೊರಗಿನ ಕಥೆಯನ್ನು ತನ್ನ ಬೀದಿಗೆ ಕರೆತಂದ ಈ ಜಾಣ್ಮೆ ವೊಂಡೆಲ್‌ನದೇ.

ಡಿಸೆಂಬರ್‌ನಲ್ಲಿ ಮಕ್ಕಳೊಡನೆ ಅಲ್ಲಿರುವವರು ವಾಟರ್‌ಲೂಪ್ಲೇನ್‌ನ ಬ್ಯಾಲೆ ಮಂದಿರದಲ್ಲಿ ಏನಿದೆಯೆಂದು ವಿಚಾರಿಸಿ. ಕೆಲವು ವರ್ಷ ಬೇರೆ ಬ್ಯಾಲೆ ಇರುತ್ತದೆ. ಟಿಕೆಟ್ ಮೊದಲೇ ಕಾದಿರಿಸಿ. ಹಾಗೆಯೇ ಕೈಜರ್ಸ್‌ಗ್ರಾಖ್ತ್ 384ರ ಮುಂದೆ ಹಾದುಹೋಗಿ. ವೊಂಡೆಲ್‌ನ ರಂಗಮಂದಿರ 1772ರಲ್ಲಿ ಬೆಂಕಿಗೆ ಆಹುತಿಯಾಯಿತು, ಅದರ ಕಲ್ಲಿನ ಹೆಬ್ಬಾಗಿಲು ಮಾತ್ರ ಈಗಲೂ ಅಲ್ಲಿದೆ.