ರೈಲಿಗಿಂತ ಮೊದಲೇ ಹುಟ್ಟಿದ ರೈಲು ಸೇತುವೆ

ಮೈಸೂರು–ಚಾಮರಾಜನಗರ ಪ್ಯಾಸೆಂಜರ್ ಗಾಡಿಯಲ್ಲಿ ಎಷ್ಟು ಸಲ ಓಡಾಡಿದ್ದೇನೋ ಲೆಕ್ಕವಿಲ್ಲ. ಅಶೋಕಪುರಂ, ಕಡಕೊಳ, ತಾಂಡವಪುರ ಕಳೆದು ಕಪಿಲೆ ಹೊಳೆ ಬಂತೆಂದರೆ ನಂಜನಗೂಡಿನಲ್ಲಿ ಇಳಿಯುವವರೆಲ್ಲ ಬ್ಯಾಗು ಹೆಗಲಿಗೇರಿಸಿ ಬಾಗಿಲಿಗೆ ಬರುತ್ತಾರೆ. ನಾನೂ ಬರುತ್ತಿದ್ದೆ. ಪಕ್ಕದಲ್ಲೇ ನೀರಿಗೆ ಕಾಲೂರಿ ನಿಂತಿದ್ದ ಕಮಾನು ಸೇತುವೆಯನ್ನು ಕಂಡೂ ಕಾಣದವನಂತೆ, ಯಾವುದೋ ಬ್ರಿಟಿಷರ ಕಾಲದ್ದಿರಬೇಕು ಅಂದುಕೊಂಡು ಇಳಿದು ಹೋಗುತ್ತಿದ್ದೆ.

ಬ್ರಿಟಿಷರದ್ದಲ್ಲ ಸ್ವಾಮಿ! ಅದನ್ನು ಕಟ್ಟಿಸಿದ್ದು ಮೈಸೂರಿನ ದಳವಾಯಿ ದೇವರಾಜಯ್ಯ. ವರ್ಷ 1735. ದಳವಾಯಿಗಳ ಊರು ಕಳಲೆ ಇಲ್ಲೇ ನಂಜನಗೂಡಿನ ಮಗ್ಗುಲಲ್ಲಿದೆ; ಒಂದು ರೀತಿಯಲ್ಲಿ ಮನೆ ಮುಂದಿನ ಹೊಳೆಗೆ ಹಾಕಿಸಿದ ಸೇತುವೆ.

1735 ಅಂದರೆ ಯಾವ ಕಾಲ? ಹೈದರಾಲಿಯ ಹೆಸರು ಇನ್ನೂ ಯಾರ ಬಾಯಲ್ಲೂ ಇರಲಿಲ್ಲ. ಉಗಿಯಂತ್ರವನ್ನು ತಿದ್ದಿ ಜಗತ್ತನ್ನೇ ಓಡಿಸಿದ ಜೇಮ್ಸ್ ವಾಟ್ ಹುಟ್ಟಿದ್ದೇ 1736ರಲ್ಲಿ! ಜಾರ್ಜ್ ಸ್ಟೀಫನ್ಸನ್ ಹುಟ್ಟಲು ಇನ್ನೂ 46 ವರ್ಷ ಬೇಕಿತ್ತು. ಇಂಗ್ಲೆಂಡಿನ ಸ್ಟಾಕ್‌ಟನ್–ಡಾರ್ಲಿಂಗ್ಟನ್ ರೈಲು ಹೊರಟಿದ್ದು 1825ರಲ್ಲಿ, ಬೊಂಬಾಯಿಯಿಂದ ಠಾಣೆಗೆ ಹೊರಟಿದ್ದು 1853ರಲ್ಲಿ. ಅಷ್ಟೂ ದಿನ ಈ ಸೇತುವೆ ಎತ್ತಿನ ಗಾಡಿ, ಕುದುರೆ, ನಂಜುಂಡೇಶ್ವರನ ಪರಸೆ ಜನರನ್ನು ದಾಟಿಸುತ್ತ ಕಪಿಲೆಯ ಮೇಲೆ ನಿಂತೇ ಇತ್ತು.

ಬೆಂಗಳೂರಿನ ಹಳಿ ಮೈಸೂರು ಮುಟ್ಟಿದ್ದು 1882ರಲ್ಲಿ. ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ, 1891ರಲ್ಲಿ, ಅದು ನಂಜನಗೂಡಿಗೂ ಬಂತು. ಚಾಮರಾಜನಗರಕ್ಕೆ ಮುಂದುವರಿದದ್ದು 1926ರಲ್ಲಿ. ಅಂದರೆ 35 ವರ್ಷ ಕಾಲ ಈ ದಾರಿಯ ಕೊನೆಯ ಊರು ನಂಜನಗೂಡೇ. ಹೊಳೆ ದಾಟಬೇಕಲ್ಲ, ಹೊಸ ಸೇತುವೆ ಯಾಕೆ, ದಳವಾಯಿಗಳದ್ದು ಇದೆಯಲ್ಲ! ಅದರ ಮೇಲೇ ಮೀಟರ್ ಗೇಜ್ ಕಂಬಿ ಹಾಸಿದರು. ಒಂದು ಪಕ್ಕ ರಸ್ತೆ, ಇನ್ನೊಂದು ಪಕ್ಕ ರೈಲು. ಎತ್ತಿನ ಗಾಡಿಗೆಂದು ಕಟ್ಟಿದ ಗಾರೆಯ ಕೆಲಸ ಕಲ್ಲಿದ್ದಲು ಎಂಜಿನ್ನನ್ನು ಹೊತ್ತಿತು!

ಅದು ಹೇಗೆ ಎಂಬ ಕುತೂಹಲ ತಡೆಯಲಾಗದೆ ಒಂದು ಸಂಜೆ ಸ್ಟೇಷನ್ನಿನಿಂದ ಹಿಂದಕ್ಕೆ ನಡೆದು ದಡಕ್ಕಿಳಿದೆ. ಸುಮಾರು 225 ಮೀಟರ್ ಉದ್ದಕ್ಕೆ ಸಾಲಾಗಿ ಕಮಾನುಗಳು, ನೆತ್ತಿ ತುಸು ಚೂಪು. ಗುಟ್ಟು ಇರುವುದು ಅಲ್ಲೇ. ಕಂಬಕ್ಕೂ ಕಂಬಕ್ಕೂ ನಡುವೆ ಅಂತರ ಬಲು ಕಡಿಮೆ, ಕಂಬಗಳೋ ಒಳ್ಳೇ ದಪ್ಪ. ಮೇಲಿನ ಭಾರವನ್ನು ಕಮಾನು ಎರಡೂ ಪಕ್ಕಕ್ಕೆ ಹಂಚಿ ಕಂಬಕ್ಕೆ ಇಳಿಸುತ್ತದೆ. ಭಾರ ಬಿದ್ದಷ್ಟೂ ಇಟ್ಟಿಗೆ ಇಟ್ಟಿಗೆಗೆ ಒತ್ತಿಕೊಳ್ಳುತ್ತದೆಯೇ ಹೊರತು ಬಿಡಿಸಿಕೊಳ್ಳುವುದಿಲ್ಲ. ಕೈಯಿಟ್ಟು ನೋಡಿದೆ. ಬಿಸಿಲು ಇಳಿದಿದ್ದರೂ ಕಲ್ಲು ಇನ್ನೂ ಬೆಚ್ಚಗಿತ್ತು. ಸಂದಿಯೊಂದರಲ್ಲಿ ಅರಳಿ ಸಸಿ, ಅದರ ಬೇರು ಮಾತ್ರ ನನ್ನ ಬೆರಳಿಗಿಂತ ದಪ್ಪ. (ಅದನ್ನು ಯಾರಾದರೂ ಬೇಗ ಕಿತ್ತರೆ ಒಳ್ಳೆಯದು. ರೈಲು ಅಲುಗಿಸದ್ದನ್ನು ಅರಳಿ ಅಲುಗಿಸೀತು.)

ಬ್ರಾಡ್ ಗೇಜ್ ಬಂದಾಗಲೇ ಇದಕ್ಕೆ ಬಿಡುವು ಸಿಕ್ಕಿದ್ದು. ಅಗಲ ಹಳಿ, ಭಾರದ ಬೋಗಿ. ಅದಕ್ಕೆ ಪಕ್ಕದಲ್ಲಿ ಹೊಸ ಸೇತುವೆ ಎದ್ದಿತು, 2008ರಲ್ಲಿ ಹೊಸ ಗಾಡಿ ಓಡಿತು. ಹಳೆಯದಕ್ಕೆ ಪಾರಂಪರಿಕ ಸ್ಮಾರಕದ ಮರ್ಯಾದೆ ಸಂದಿದೆ.

ಮರುದಿನ ಗಾಡಿಯಲ್ಲಿ ಬಾಗಿಲ ಬಳಿ ನಿಂತಿದ್ದ ಸೀಸನ್ ಪಾಸಿನ ಹಿರಿಯರನ್ನು ತಡೆಯಲಾರದೆ ಕೇಳಿದೆ: “ಯಜಮಾನ್ರೇ, ಆ ಸೇತುವೆ ಎಷ್ಟು ಹಳೇದು ಗೊತ್ತಾ?”

“ನಮ್ ತಾತನ ಕಾಲ್ದಲ್ಲೂ ಹಿಂಗೇ ಇತ್ತಂತೆ ಬುಡಿ,” ಅಂದರು ಅವರು, ಮೊಬೈಲಿನಿಂದ ತಲೆ ಎತ್ತದೆ.

ನಾನು ಕೆಳಗೆ ನೋಡಿದೆ. ಕಮಾನುಗಳ ಕಣ್ಣಿಂದ ನುಸುಳಿದ ನೀರು ತಿ. ನರಸೀಪುರದ ಕಡೆ, ಕಾವೇರಿ ಕೂಡುವ ತಿರುಮಕೂಡಲಿಗೆ ಹೊರಟಿತ್ತು. ಆ ಊರಿಗೆ ಇವತ್ತಿಗೂ ರೈಲಿಲ್ಲ, ಬಸ್ಸೇ ಗತಿ. ಗಾಡಿ ನಿಧಾನಿಸಿತು, ಯಜಮಾನರು ಮೊಬೈಲು ಜೇಬಿಗಿಟ್ಟು, ನಿಲ್ಲುವ ಮೊದಲೇ ಪ್ಲಾಟ್‌ಫಾರಂಗೆ ಇಳಿದೇಬಿಟ್ಟರು.