ನಾಲ್ಕು ಮಿಲಿಮೀಟರಿಗೊಂದು ಮಾತು

ಬೀರೂರು ದಾಟಿ ತರೀಕೆರೆ ಕಡೆ ಹೊರಟ ಕಾರು ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿದೆ ಎನ್ನಿ. ಅದು ರಸ್ತೆಯ ಮೇಲೆ ನಾಲ್ಕು ಮಿಲಿಮೀಟರ್ ಸರಿಯುವುದರೊಳಗೆ ಅದರೊಳಗೊಂದು ಸಂದೇಶ ಹೊರಟು, ಎಲ್ಲ ಮಾಡ್ಯೂಲುಗಳಿಗೂ ಕೇಳಿಸಿ, 'ಸರಿಯಾಗಿ ತಲುಪಿತು' ಎಂಬ ಒಪ್ಪಿಗೆಯನ್ನೂ ಪಡೆದು ಮುಗಿದಿರುತ್ತದೆ. ಎಂಜಿನ್ನಿನ ಇಸಿಯು, ಎಬಿಎಸ್, ಏರ್‌ಬ್ಯಾಗ್, ಪವರ್ ಸ್ಟೀರಿಂಗ್, ಮೀಟರ್ ಬೋರ್ಡು, ಇಷ್ಟೂ ಮಾಡ್ಯೂಲುಗಳು ಮಾತಾಡುವುದು ಒಂದಕ್ಕೊಂದು ಹೊಸೆದ ಎರಡು ಸಣ್ಣ ವೈರುಗಳ ಮೇಲೆ. ಸೆಕೆಂಡಿಗೆ 5 ಲಕ್ಷ ಬಿಟ್. ಒಂದು ಬಿಟ್ ಬದುಕುವುದು ಎರಡು ಮೈಕ್ರೋಸೆಕೆಂಡು. ಅಷ್ಟರಲ್ಲಿ ಆ ಕಾರು ಮುಂದೆ ಹೋಗುವ ದೂರ ತಲೆಗೂದಲಿನ ದಪ್ಪದಷ್ಟೂ ಇಲ್ಲ.

ಕಡೂರಿನಿಂದ ತರೀಕೆರೆಗೆ ಅರ್ಧ ಗಂಟೆ ಹಿಡಿಯಿತು, ಆ ಎರಡು ವೈರುಗಳ ಸಾಲು ಅರ್ಧ ಹೊತ್ತು ಖಾಲಿಯೇ ಇತ್ತು ಎಂದುಕೊಂಡರೂ ದಾರಿಯುದ್ದಕ್ಕೂ ಹರಿದ ಸಂದೇಶಗಳು ಸುಮಾರು 36 ಲಕ್ಷ.

ಈ ಏರ್ಪಾಟಿನ ಹೆಸರು ಕ್ಯಾನ್ ಬಸ್. ಜರ್ಮನಿಯ ಬಾಷ್ ಕಂಪನಿ 1983ರಲ್ಲಿ ಕೆಲಸ ಶುರುಮಾಡಿ, 1986ರ ಫೆಬ್ರವರಿಯಲ್ಲಿ ಡೆಟ್ರಾಯಿಟ್‌ನ ಎಂಜಿನಿಯರುಗಳ ಸಮ್ಮೇಳನದಲ್ಲಿ ಇದನ್ನು ಹೊರಗಿಟ್ಟಿತು. ಬಾಷ್ ಎಂದರೆ ನಮ್ಮವರಿಗೆ ಮೈಕೋ, 1951ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಅದೇ ಮೈಕೋ. ಟ್ರ್ಯಾಕ್ಟರು, ಲಾರಿಗಳ ಡೀಸೆಲ್ ಪಂಪನ್ನು ಕಿವಿಗೊಟ್ಟು ಕೇಳಿಯೇ ಹದಕ್ಕೆ ತರುತ್ತಿದ್ದ ಮೆಕ್ಯಾನಿಕ್ಕುಗಳ ಮುಂದಿನ ತಲೆಮಾರು ಈಗ ಕಿವಿಗೆ ಕೇಳಿಸದ ಈ ಮಾತುಕತೆಯ ರೋಗ ಹುಡುಕಬೇಕಾಗಿದೆ.

ಮಾತುಕತೆಯ ಶಿಸ್ತು ಬೆರಗು ಹುಟ್ಟಿಸುವಂಥದ್ದು. ಸಂದೇಶ ಕೆಟ್ಟಿದೆ ಎಂದು ಯಾವುದಾದರೂ ಒಂದು ಮಾಡ್ಯೂಲಿಗೆ ಗೊತ್ತಾದರೆ ಸಾಕು, ಅದು ಆರು ಬಿಟ್‌ಗಳ ಒಂದು ಕೂಗು ಹಾಕುತ್ತದೆ. ಕೂಡಲೇ ಎಲ್ಲರೂ ಆ ಸಂದೇಶವನ್ನು ಎಸೆಯುತ್ತಾರೆ, ಹೇಳಿದವನು ಮತ್ತೆ ಮೊದಲಿನಿಂದ ಹೇಳುತ್ತಾನೆ. ಇಷ್ಟೆಲ್ಲ ಕಾವಲು ದಾಟಿ ಕೆಟ್ಟ ಸಂದೇಶವೊಂದು ಸರಿಯಾದದ್ದೆಂದು ನುಸುಳುವ ಸಾಧ್ಯತೆ, ಬಾಷ್ ಕೊಟ್ಟ ಲೆಕ್ಕದಂತೆ, ಕೆಟ್ಟ ಸಂದೇಶಗಳಲ್ಲಿ ಸುಮಾರು 2,100 ಕೋಟಿಗೆ ಒಂದಕ್ಕಿಂತ ಕಡಿಮೆ. ತರೀಕೆರೆ ತಾಲ್ಲೂಕಿನ ಅಮೃತಾಪುರದಲ್ಲಿ ಅಮೃತೇಶ್ವರ ದೇಗುಲ ಎದ್ದದ್ದು 1196ರಲ್ಲಿ. ಅಂದಿನಿಂದ ಇಂದಿನವರೆಗೆ ಹಗಲೂ ರಾತ್ರಿ ಸೆಕೆಂಡಿಗೊಂದರಂತೆ ಸಂದೇಶ ಕೆಡುತ್ತಲೇ ಬಂದಿದ್ದರೂ ಸರಾಸರಿ ಲೆಕ್ಕಕ್ಕೆ ಒಂದೋ ಎರಡೋ ಸುಳ್ಳು ಮಾತ್ರ ನುಸುಳಿರುತ್ತಿತ್ತು.

ಇಂಥ ವ್ಯವಸ್ಥೆಯನ್ನು ಒಂದು ಇಲಿ ಕೆಡಿಸುತ್ತದೆ. ಕೊಟ್ಟಿಗೆಯ ಪಕ್ಕ ರಾತ್ರಿಯೆಲ್ಲ ನಿಂತ ಕಾರಿನ ವೈರಿಗೆ ಹಲ್ಲು ತಾಗಿದರೆ ಮುಗಿಯಿತು. ಲಕ್ಕವಳ್ಳಿ ಕಡೆಯ ಮಳೆಯಲ್ಲಿ ಕನೆಕ್ಟರಿನೊಳಗೆ ನೀರಿಳಿದು ಪಿನ್ನಿಗೆ ಕಿಲುಬು ಹಿಡಿದರೂ ಅಷ್ಟೇ. ಪೂರ್ತಿ ತುಂಡಾದರೆ ಹುಡುಕುವುದು ಸುಲಭ. ಕಷ್ಟ ಇರುವುದು ಅರ್ಧ ಕಡಿದ ವೈರಿನಲ್ಲಿ: ಅಜ್ಜಂಪುರದ ಹೊಲದ ದಾರಿಯಲ್ಲಿ ಕಾರು ಕುಲುಕಿದಾಗ ಬಿಡುತ್ತದೆ, ಗ್ಯಾರೇಜಿನ ಸಮತಟ್ಟು ನೆಲದಲ್ಲಿ ಕೂಡಿಕೊಳ್ಳುತ್ತದೆ.

ಪ್ರತಿ ಮಾಡ್ಯೂಲೂ ತನ್ನ ತಪ್ಪಿನ ಲೆಕ್ಕ ತಾನೇ ಇಡುತ್ತದೆ. ಕಳಿಸಿದ್ದು ಕೆಟ್ಟರೆ 8 ಕೂಡು, ಸರಿಹೋದರೆ 1 ಕಳೆ. ಒಂದು ಸೋಲು ತೀರಬೇಕಾದರೆ ಎಂಟು ಗೆಲುವು ಬೇಕು. ಲೆಕ್ಕ 255 ದಾಟಿತೋ, ಆ ಮಾಡ್ಯೂಲು ಬೇರೆಯವರ ಮಾತು ಕೆಡಿಸಬಾರದೆಂದು ತಾನಾಗಿಯೇ ಸಾಲಿನಿಂದ ಹಿಂದೆ ಸರಿದು ಸುಮ್ಮನಾಗುತ್ತದೆ. ಇದಕ್ಕೆ ಬಸ್ ಆಫ್ ಎನ್ನುತ್ತಾರೆ. ಸತತ 32 ಸೋಲು ಸಾಕು. ನಡುವೆ ಬೇರೆ ಯಾರೂ ಬಾಯಿ ಹಾಕದಿದ್ದರೆ ಅದೆಲ್ಲ ಸುಮಾರು 8 ಮಿಲಿಸೆಕೆಂಡಿನ ಕೆಲಸ. ಕಾರು ಅಷ್ಟರಲ್ಲಿ 13 ಸೆಂಟಿಮೀಟರ್ ಮುಂದೆ ಹೋಗಿರುತ್ತದೆ, ಒಂದು ಗೇಣೂ ಇಲ್ಲ. ಎಬಿಎಸ್ ದೀಪ ಹತ್ತಿದ್ದನ್ನು ಚಾಲಕ ನೋಡುವ ಹೊತ್ತಿಗೆ ಕಾರಣ ಎಷ್ಟೋ ಮೀಟರು ಹಿಂದೆ ಉಳಿದಿದೆ.

ಸ್ಕ್ಯಾನರ್ ಹಚ್ಚಿದರೆ ಯು0121 ಎಂಬ ಕೋಡ್ ಬರುತ್ತದೆ: ಎಬಿಎಸ್ ಜೊತೆ ಸಂಪರ್ಕ ತಪ್ಪಿದೆ. ಇಲ್ಲೇ ಜನ ದುಡ್ಡು ಕಳೆದುಕೊಳ್ಳುವುದು. ಕೋಡಿನಲ್ಲಿ ಹೆಸರಿರುವ ಮಾಡ್ಯೂಲೇ ಕೆಟ್ಟಿದೆ ಎಂದು ದುಬಾರಿ ಹೊಸದೊಂದನ್ನು ತಂದು ಕೂರಿಸುತ್ತಾರೆ. ಆ ಕೋಡ್ ಬರೆದಿಟ್ಟದ್ದು ಬೇರೊಂದು ಮಾಡ್ಯೂಲು, ಅದು ಹೇಳುತ್ತಿರುವುದು 'ನನಗೆ ಅದರ ದನಿ ಕೇಳಲಿಲ್ಲ' ಎಂದಷ್ಟೇ. ಯಾರ ದನಿ ಯಾರಿಗೆ ಕೇಳಲಿಲ್ಲ ಎಂದು ಎಲ್ಲ ಮಾಡ್ಯೂಲುಗಳ ಕೋಡುಗಳನ್ನೂ ಪಕ್ಕಪಕ್ಕ ಬರೆದುಕೊಂಡರೆ ವೈರು ಎಲ್ಲಿ ಕಡಿದಿರಬಹುದೆಂಬ ನಕ್ಷೆ ತಾನಾಗಿ ಮೂಡುತ್ತದೆ.

ನನಗೆ ಎಲ್ಲಕ್ಕಿಂತ ದೊಡ್ಡ ಅಚ್ಚರಿ ಮುಂದಿನ ಹೆಜ್ಜೆ. ಸೆಕೆಂಡಿಗೆ 5 ಲಕ್ಷ ಬಿಟ್ ಓಡುವ ಸಾಲನ್ನು ಪರೀಕ್ಷಿಸಲು ಕೆಲವು ನೂರು ರೂಪಾಯಿಯ ಮಲ್ಟಿಮೀಟರ್ ಸಾಕು. ಸಾಲಿನ ಎರಡೂ ತುದಿಯಲ್ಲಿ ತಲಾ 120 ಓಮ್‌ನ ರೆಸಿಸ್ಟರ್ ಇರುತ್ತದೆ. ಬ್ಯಾಟರಿ ಬಿಚ್ಚಿ, ಸ್ಟೀರಿಂಗ್ ಕೆಳಗಿನ 16 ಪಿನ್ನಿನ ಸಾಕೆಟ್ಟಿನಲ್ಲಿ 6 ಮತ್ತು 14ನೇ ಪಿನ್ನಿಗೆ ಮೀಟರ್ ಹಿಡಿದರೆ 60 ತೋರಿಸಬೇಕು. 120 ಬಂದರೆ ಒಂದು ತುದಿ ಕಳಚಿದೆ ಅಥವಾ ನಡುವೆ ವೈರು ತುಂಡಾಗಿದೆ. ಸೊನ್ನೆಯ ಹತ್ತಿರ ಬಂದರೆ ಎರಡೂ ವೈರು ಎಲ್ಲೋ ಕೂಡಿಕೊಂಡಿವೆ. ಮಾಡ್ಯೂಲುಗಳನ್ನು ಒಂದೊಂದಾಗಿ ಕಳಚುತ್ತಾ ಹೋಗಿ, ಯಾವುದನ್ನು ಕಳಚಿದಾಗ ಅಂಕಿ ಏರಿತೆಂದು ನೋಡಬೇಕು. ಸಾಲುಗಳ ನಡುವೆ ಗೇಟ್‌ವೇ ಎಂಬ ಮಾಡ್ಯೂಲು ಇರುವ ಹೊಸ ಕಾರುಗಳಲ್ಲಿ ಆ ಸಾಕೆಟ್ಟಿನಿಂದ ಒಳಗಿನ ಸಾಲುಗಳು ಕಾಣುವುದಿಲ್ಲ, ಅಲ್ಲಿ ವೈರಿಂಗ್ ನಕ್ಷೆ ಹಿಡಿದು ಆಯಾ ಸಾಲಿನ ಕನೆಕ್ಟರಿಗೇ ಹೋಗಬೇಕು. ಅರ್ಧ ಕಡಿದ ವೈರಾದರೆ ಒಬ್ಬರು ಮೀಟರ್ ನೋಡುತ್ತಿರುವಾಗ ಇನ್ನೊಬ್ಬರು ವೈರಿನ ಕಟ್ಟನ್ನು ಗೇಣುಗೇಣಾಗಿ ಅಲುಗಿಸುತ್ತಾ ಬರಬೇಕು. 60ರ ಅಂಕಿ ಎಲ್ಲಿ ನಡುಗಿತೋ ಅಲ್ಲೇ ಕಡಿತ.

ಬೆಸುಗೆ ಹಾಕಿದ ಮೇಲೆ ಆ ಎರಡು ವೈರುಗಳನ್ನು ಮೊದಲಿದ್ದಂತೆಯೇ ಹೊಸೆಯಬೇಕು. ಹೊರಗಿನ ವಿದ್ಯುತ್ ಗದ್ದಲ ಹೊಸೆದ ಎರಡೂ ವೈರುಗಳಿಗೆ ಸಮನಾಗಿ ತಾಗುತ್ತದೆ. ಮಾಡ್ಯೂಲುಗಳು ಓದುವುದು ಅವುಗಳ ನಡುವಿನ 2 ವೋಲ್ಟ್ ವ್ಯತ್ಯಾಸವನ್ನು ಮಾತ್ರ, ಹಾಗಾಗಿ ಗದ್ದಲ ಲೆಕ್ಕದಿಂದ ಬಿಟ್ಟುಹೋಗುತ್ತದೆ. ಹೊಸೆಯದೆ ಟೇಪು ಸುತ್ತಿ ಬಿಟ್ಟರೆ ಮೀಟರ್ ಆಗಲೂ 60 ಎಂದೇ ತೋರಿಸುತ್ತದೆ, ದೀಪ ಮಾತ್ರ ಒಂದು ದಿನ ಮತ್ತೆ ಹತ್ತುತ್ತದೆ.