ಪರನಾಡಿನಲ್ಲಿ ಹಳೆಯ ಮನೆ: ಸೆವಿಲ್ ನಗರದ ಗೃಹಜೀರ್ಣೋದ್ಧಾರ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಹಿರಿಯರ ಮಾತನ್ನು ಅರಿಯದ ಗೃಹಸ್ಥರು ನಮ್ಮಲ್ಲಿ ಇಲ್ಲ. ಸ್ವಂತ ಊರಿನಲ್ಲಿ, ಬಂಧುಬಳಗದ ನಡುವೆ ಹೊಸ ಮನೆಯನ್ನು ಕಟ್ಟುವುದೇ ಇಷ್ಟು ಪ್ರಯಾಸದ ಕೆಲಸವಾದರೆ, ನೂರು ಇನ್ನೂರು ವರ್ಷಗಳ ಹಳೆಯ ಮನೆಯೊಂದನ್ನು ಕೊಂಡು ವಾಸಯೋಗ್ಯವಾಗಿ ಮಾಡಿಕೊಳ್ಳುವುದು ಅದಕ್ಕಿಂತಲೂ ಕಠಿಣವಷ್ಟೆ. ಆ ಮನೆಯು ತನ್ನದಲ್ಲದ ದೇಶದಲ್ಲಿ, ತನಗೆ ಬಾರದ ಭಾಷೆಯ ಜನರ ನಡುವೆ ಇದ್ದರಂತೂ ಹೇಳತಕ್ಕದ್ದೇನು? ಆದರೂ ಸ್ಪೇಯಿನ್ ದೇಶದ ನಗರಗಳಲ್ಲಿ ಈ ಸಾಹಸಕ್ಕೆ ಕೈಹಾಕುವ ಪರದೇಶೀಯರು ಬಹು ಮಂದಿ. ಯೂರೋಪಿನಲ್ಲಿ ನೆಲಸಿರುವ ನಮ್ಮವರಲ್ಲಿಯೂ ಕೆಲವರಿಗೆ ಈ ಆಸೆ ಹುಟ್ಟಿದರೆ ಆಶ್ಚರ್ಯವಿಲ್ಲ. ಆದುದರಿಂದ ಆ ದೇಶದ ಸೆವಿಲ್ ನಗರವನ್ನು ಉದಾಹರಣೆಯಾಗಿ ಇಟ್ಟುಕೊಂಡು, ಇಂತಹ ಕೆಲಸದಲ್ಲಿ ಪರದೇಶೀಯನು ಏನೇನನ್ನು ತಿಳಿದಿರಬೇಕೆಂಬುದನ್ನು ನಮ್ಮ ವಾಚಕರ ಮುಂದೆ ಇಡುತ್ತೇವೆ.

ಸೆವಿಲ್ ನಗರವು ಸ್ಪೇಯಿನಿನ ದಕ್ಷಿಣ ಭಾಗವಾದ ಆಂಡಲೂಸಿಯ ಪ್ರಾಂತದ ರಾಜಧಾನಿ. ಗ್ವಾದಲ್ಕಿವೀರ್ ನದಿಯ ದಡದಲ್ಲಿರುವುದು. ರೋಮನರ ಕಾಲದಲ್ಲಿ ಇದಕ್ಕೆ ಹಿಸ್ಪಾಲಿಸ್ ಎಂದು ಹೆಸರು. ಎಂಟನೆಯ ಶತಮಾನದಿಂದ ೧೨೪೮ ನೆಯ ವರ್ಷದವರೆಗೆ ಇದನ್ನು ಮುಸಲ್ಮಾನ ದೊರೆಗಳು ಆಳಿದರು; ಆ ವರ್ಷ ಮೂರನೆಯ ಫರ್ನಾಂಡೊ ದೊರೆ ಇದನ್ನು ಗೆದ್ದುಕೊಂಡನು. ಇಲ್ಲಿಯ ಹಳೆಯ ಮನೆಗಳನ್ನು ನೋಡಿದರೆ ಕನ್ನಡಿಗರಿಗೆ ನಮ್ಮ ತೊಟ್ಟಿ ಮನೆಯ ನೆನಪಾಗದಿರದು. ಬೀದಿಯ ಬಾಗಿಲನ್ನು ದಾಟಿದರೆ ‘ಸಗ್ವಾನ್’ ಎಂಬ ಸಣ್ಣ ಪಡಸಾಲೆ. ಅದರಾಚೆ ಕುಸುರಿಕೆಲಸದ ಕಬ್ಬಿಣದ ಬಾಗಿಲು. ಅದರ ಹಿಂದೆ ಆಕಾಶಕ್ಕೆ ತೆರೆದಿರುವ ‘ಪಾತಿಯೊ’ ಎಂಬ ಅಂಗಳ. ಅಂಗಳದ ಸುತ್ತಲೂ ಅಮೃತಶಿಲೆಯ ಕಂಬಗಳು, ನಡುವೆ ಕಾರಂಜಿ ಅಥವಾ ಬಾವಿ, ಗೋಡೆಗಳಿಗೆ ಸೊಂಟದ ಎತ್ತರದವರೆಗೆ ಬಣ್ಣದ ಮೆರುಗು ಬಿಲ್ಲೆಗಳು. ಬೇಸಗೆಯಲ್ಲಿ ಅಂಗಳದ ಮೇಲೆ ದಪ್ಪ ಬಟ್ಟೆಯ ಮೇಲ್ಕಟ್ಟನ್ನು ಎಳೆದು, ಸಂಸಾರವೆಲ್ಲ ಕೆಳಗಿನ ಅಂತಸ್ತಿಗೆ ಇಳಿದು ಬಂದು ವಾಸಿಸುವುದೂ, ಚಳಿಗಾಲದಲ್ಲಿ ಮೇಲಿನ ಅಂತಸ್ತಿಗೆ ಏರುವುದೂ ಅನುಕೂಲಸ್ಥರ ಹಳೆಯ ಪದ್ಧತಿ.

ಕಟ್ಟಡದ ಕಸುಬಿನ ಮಾತುಗಳಲ್ಲಿಯೇ ಈ ನಗರದ ಚರಿತ್ರೆ ಅಡಗಿದೆ. ಗೋಡೆಯ ಬಿಲ್ಲೆಗೆ ಹೇಳುವ ‘ಅಸುಲೇಹೊ’, ಗಾರೆಕೆಲಸದವನಿಗೆ ಹೇಳುವ ‘ಅಲ್ಬನ್ಯೀಲ್’, ಮಾಳಿಗೆಯ ಬಯಲಿಗೆ ಹೇಳುವ ‘ಅಸೊತೇಯ’, ಇವೆಲ್ಲವೂ ಅರಬ್ಬೀ ಭಾಷೆಯಿಂದ ಬಂದ ಶಬ್ದಗಳು. ಕೆಲಸಗಾರರ ಮುಖಂಡನನ್ನು ಅಲ್ಲಿ ‘ಮಾಯೆಸ್ತ್ರೊ’ ಎಂದು ಕರೆಯುವರು. ಪೋರ್ತುಗೀಸರ ಮೂಲಕ ನಮ್ಮ ನಾಡಿಗೆ ಬಂದ ‘ಮೇಸ್ತ್ರಿ’ ಎಂಬ ಮಾತೂ ಇದೇ ಕುಲದ್ದು.

ಇನ್ನು ಕೊಳ್ಳುವ ಕ್ರಮ. ಪರದೇಶೀಯನು ಮೊದಲು ಎನ್.ಐ.ಇ. ಎಂಬ ಗುರುತಿನ ಸಂಖ್ಯೆಯನ್ನು ಪಡೆಯಬೇಕು. ಅದಿಲ್ಲದೆ ತೆರಿಗೆ ಕಟ್ಟುವುದಾಗಲಿ ಕ್ರಯಪತ್ರವನ್ನು ಪೂರೈಸುವುದಾಗಲಿ ಆಗದು. ಬಳಿಕ ಸ್ವತ್ತಿನ ರಿಜಿಸ್ಟರು ಕಚೇರಿಯಿಂದ ‘ನೋತ ಸಿಂಪ್ಲೆ’ ಎಂಬ ನಕಲನ್ನು ತರಿಸತಕ್ಕದ್ದು. ಮನೆಯು ಯಾರ ಹೆಸರಿನಲ್ಲಿದೆ, ಅದರ ಮೇಲೆ ಅಡಮಾನ ಮೊದಲಾದ ಋಣಭಾರಗಳು ಎಷ್ಟಿವೆ ಎಂಬುದು ಅದರಿಂದ ತಿಳಿಯುವುದು. ನಮ್ಮಲ್ಲಿ ಕ್ರಯಪತ್ರದ ದಾಖಲೆ ಬೇರೆ, ಕಂದಾಯದ ಖಾತೆ ಬೇರೆ ಇರುವಂತೆ ಅಲ್ಲಿಯೂ ತೆರಿಗೆಗಾಗಿ ‘ಕತಾಸ್ತ್ರೊ’ ಎಂಬ ಬೇರೆ ಪುಸ್ತಕವಿದೆ. ಹಳೆಯ ಮನೆಗಳ ವಿಷಯದಲ್ಲಿ ಈ ಎರಡು ಪುಸ್ತಕಗಳ ಅಳತೆಗಳು ಹೊಂದದೆ ಇರುವುದು ಅಪರೂಪವಲ್ಲ. ಮಾಳಿಗೆಯ ಮೇಲಣ ಕೋಣೆಯೊಂದು ಯಾವ ಪುಸ್ತಕದಲ್ಲಿಯೂ ಇಲ್ಲದೆ ಕೇವಲ ಗೋಡೆಗಳ ಬಲದ ಮೇಲೆ ನಿಂತಿರುವುದೂ ಉಂಟು. ಇದನ್ನು ಸಂಚಕಾರ ಕೊಡುವುದಕ್ಕೆ ಮೊದಲೇ ವಿಚಾರಿಸಬೇಕು. ಏಕೆಂದರೆ, ಹಿಂದೆಗೆಯುವ ಹಕ್ಕನ್ನು ಉಳಿಸಿಕೊಂಡು ಕೊಟ್ಟ ಸಂಚಕಾರದ ವಿಷಯದಲ್ಲಿ ೧೮೮೯ ರ ಸ್ಪೇಯಿನಿನ ಸಿವಿಲ್ ಸಂಹಿತೆಯ ೧೪೫೪ ನೆಯ ವಿಧಿಯು ಸ್ಪಷ್ಟವಾಗಿದೆ: ಕೊಳ್ಳುವವನು ಹಿಂದೆಗೆದರೆ ಹಣವು ಹೋಯಿತು, ಮಾರುವವನು ಹಿಂದೆಗೆದರೆ ಎರಡರಷ್ಟನ್ನು ಹಿಂದಿರುಗಿಸಬೇಕು. ಕ್ರಯಪತ್ರವು ನೋತಾರಿಯೊ ಎಂಬ ಅಧಿಕಾರಿಯ ಸಮ್ಮುಖದಲ್ಲಿ ಆಗುವುದು. ಭಾಷೆ ಬಾರದವನು ದುಭಾಷಿಯನ್ನು ಕರೆದೊಯ್ಯುವುದು ಅವಶ್ಯ. ಹಳೆಯ ಮನೆಯ ಕ್ರಯದ ಮೇಲೆ ಆಂಡಲೂಸಿಯದಲ್ಲಿ ೨೦೨೧ ರಿಂದ ನೂರಕ್ಕೆ ೭ ರಂತೆ ತೆರಿಗೆ ಇದೆ. ಇದನ್ನು ಮರೆತು ಲೆಕ್ಕ ಹಾಕಿದವನಿಗೆ ರಿಪೇರಿಯ ಹಣದಲ್ಲಿ ಆರಂಭದಲ್ಲಿಯೇ ಕೊರತೆ ಬೀಳುವುದು.

ಇಲ್ಲಿ ಇನ್ನೊಂದು ಭ್ರಾಂತಿಯನ್ನೂ ನಿವಾರಿಸಬೇಕಾಗಿದೆ. ೨೦೧೩ ರ ಶಾಸನದಂತೆ ೫ ಲಕ್ಷ ಯೂರೋ ಬೆಲೆಯ ಸ್ವತ್ತನ್ನು ಕೊಂಡ ಪರದೇಶೀಯನಿಗೆ ಆ ದೇಶದಲ್ಲಿ ವಾಸಿಸುವ ಅನುಮತಿ ದೊರೆಯುತ್ತಿತ್ತು. ಆ ಏರ್ಪಾಡು ೨೦೨೫ ರ ಏಪ್ರಿಲ್ ೩ ರಿಂದ ರದ್ದಾಯಿತು. ಈಗ ಯೂರೋಪ್ ಒಕ್ಕೂಟದ ಹೊರಗಿನವನು ಮನೆಯ ಯಜಮಾನನಾದರೂ, ಬೇರೆ ಅನುಮತಿಯಿಲ್ಲದಿದ್ದರೆ, ೧೮೦ ದಿನಗಳಲ್ಲಿ ೯೦ ದಿನಗಳಿಗಿಂತ ಹೆಚ್ಚಾಗಿ ಅಲ್ಲಿ ಇರುವಂತಿಲ್ಲ. ಕೆಲಸವು ಒಂದು ವರ್ಷ ನಡೆಯುವುದಾದರೆ, ಅದರಲ್ಲಿ ಅರ್ಧ ಕಾಲ ಯಜಮಾನನ ಕಣ್ಣು ಅಲ್ಲಿರಲಾರದು. ಆದಕಾರಣ ‘ಅಪರೆಹಾದೋರ್’ ಎಂಬ, ಕಟ್ಟಡದ ಕೆಲಸವನ್ನು ಅಳೆದು ಪರೀಕ್ಷಿಸುವ ತಜ್ಞನನ್ನು ತನ್ನ ಕಡೆಯಿಂದಲೇ ನೇಮಿಸಿಕೊಳ್ಳುವುದು ಯುಕ್ತ. ಗುತ್ತಿಗೆದಾರನೇ ತೋರಿಸಿಕೊಟ್ಟ ಪರೀಕ್ಷಕನಿಂದ ಆ ಪ್ರಯೋಜನವಾಗದು.

ಪೂರ್ತಿ ಮನೆಗೆ ಬದಲಾಗಿ ದೊಡ್ಡ ಕಟ್ಟಡದ ಒಂದು ಭಾಗವನ್ನು ಕೊಳ್ಳುವವರೇ ಹೆಚ್ಚು. ಅಂತಹವರಿಗೆ ೧೯೬೦ ರ ಒಂದು ಶಾಸನವು ಅನ್ವಯಿಸುವುದು. ಅದರಂತೆ ತನ್ನ ಭಾಗದ ಒಳಗೆ ಬದಲಾವಣೆ ಮಾಡುವ ಹಕ್ಕು ಒಡೆಯನಿಗುಂಟು. ಆದರೆ ಕಟ್ಟಡದ ಭದ್ರತೆಗೂ ಹೊರ ರೂಪಕ್ಕೂ ಇತರರ ಹಕ್ಕಿಗೂ ಧಕ್ಕೆ ಬರಕೂಡದು, ಮತ್ತು ಮುಂಚಿತವಾಗಿ ಸಹವಾಸಿಗಳ ಪ್ರತಿನಿಧಿಗೆ ತಿಳಿಸಬೇಕು. ಮುಂಗೋಡೆ, ಮಾಳಿಗೆ, ಮೆಟ್ಟಿಲು, ಅಂಗಳ ಇವು ಎಲ್ಲರಿಗೂ ಸೇರಿದುವು. ಹವೆಯನ್ನು ತಂಪುಮಾಡುವ ಯಂತ್ರವನ್ನು ಅಂಗಳದ ಗೋಡೆಗೆ ತೂಗುಹಾಕುವ ಮುನ್ನ ಆ ಅಂಗಳಕ್ಕೆ ಕಿಟಕಿ ತೆರೆದಿರುವ ಎಲ್ಲರನ್ನೂ ಗಮನಿಸಬೇಕೆಂದಾಯಿತು. ಹಿಂದಿನ ಒಡೆಯನು ಕಟ್ಟಡದ ಖರ್ಚಿನ ಪಾಲನ್ನು ಬಾಕಿ ಇಟ್ಟಿದ್ದರೆ, ಆ ವರ್ಷದ ಮತ್ತು ಅದರ ಹಿಂದಿನ ಮೂರು ವರ್ಷಗಳ ಬಾಕಿಗೆ ಆ ಸ್ವತ್ತೇ ಹೊಣೆಯಾಗುವುದು. ಆದುದರಿಂದ ಬಾಕಿಯಿಲ್ಲವೆಂಬ ಪತ್ರವನ್ನು ಮಾರುವವನಿಂದ ಕೇಳಿ ಪಡೆಯಬೇಕು.

ನಗರದ ಹಳೆಯ ಭಾಗವು ೧೯೬೪ ರಲ್ಲಿಯೇ ಐತಿಹಾಸಿಕ ಪ್ರದೇಶವೆಂದು ಘೋಷಿತವಾಗಿ, ೧೯೯೦ ರಲ್ಲಿ ಇನ್ನಷ್ಟು ವಿಸ್ತಾರಗೊಂಡಿತು. ಅಲ್ಲಿ ರಕ್ಷಣೆಗೆ ಒಳಪಟ್ಟ ಮನೆಗಳಲ್ಲಿ ಯಾವುದನ್ನು ಉಳಿಸಬೇಕು, ಯಾವುದನ್ನು ಬದಲಾಯಿಸಬಹುದು ಎಂಬುದು ಪುರಸಭೆಯ ದಾಖಲೆಯಲ್ಲಿ ನಿಗದಿಯಾಗಿರುವುದು. ಬಚ್ಚಲು ಅಡುಗೆಮನೆಗಳ ಸಣ್ಣ ಕೆಲಸಕ್ಕೂ ತೊಲೆ ಗೋಡೆಗಳನ್ನು ಮುಟ್ಟುವ ದೊಡ್ಡ ಕೆಲಸಕ್ಕೂ ಪುರಸಭೆಯ ಕ್ರಮ ಬೇರೆ ಬೇರೆ. ನೆಲವನ್ನು ಅಗೆಯಬೇಕಾದರೆ ಪ್ರಾಕ್ತನ ಶೋಧಕರ ಸಹಾಯವೂ ಬೇಕಾಗಬಹುದು. ಇದು ಬರಿಯ ಕಚೇರಿಯ ತೊಂದರೆಯೆಂದು ಯಾರೂ ಭಾವಿಸಬಾರದು. ಎನ್‌ಕಾರ್ನಸಿಯೋನ್ ಚೌಕದಲ್ಲಿ ವಾಹನಗಳ ನಿಲ್ದಾಣಕ್ಕಾಗಿ ಅಗೆದಾಗ ರೋಮನರ ಮನೆಗಳ ನೆಲಗಟ್ಟುಗಳು ಹೊರಬಿದ್ದುವು. ಅವು ಈಗ ಅಲ್ಲಿಯೇ ವಸ್ತುಸಂಗ್ರಹಾಲಯವಾಗಿವೆ. ದೊಡ್ಡ ಇಗರ್ಜಿಯ ಬಳಿ ಮಾತೆಯೋಸ್ ಗಾಗೊ ಬೀದಿಯ ಪಾನಗೃಹವೊಂದನ್ನು ೨೦೨೦ ರಲ್ಲಿ ದುರಸ್ತಿ ಮಾಡುವಾಗ, ಸಾರಣೆಯ ಹಿಂದೆ ಹನ್ನೆರಡನೆಯ ಶತಮಾನದ ಮುಸಲ್ಮಾನರ ಸ್ನಾನಗೃಹವು ಕಾಣಿಸಿಕೊಂಡಿತು. ಚಾವಣಿಯಲ್ಲಿ ನಕ್ಷತ್ರಾಕಾರದ ಬೆಳಕಿಂಡಿಗಳು, ಗೋಡೆಗಳ ಮೇಲೆ ಕೆಂಪು ಬಣ್ಣದ ರೇಖಾಚಿತ್ರಗಳು! ಆ ಪಾನಗೃಹದವರು ತಮ್ಮ ಮೊದಲಿನ ಯೋಜನೆಯನ್ನು ಬಿಟ್ಟು, ಇದು ಎಲ್ಲರಿಗೂ ಕಾಣುವಂತೆ ಕೆಲಸವನ್ನು ಮುಗಿಸಿದರು. ಎಂಟು ನೂರು ವರ್ಷಗಳ ವಸ್ತುವು ಒಂದು ಅಂಗುಲ ಸಾರಣೆಯ ಮರೆಯಲ್ಲಿ ಇರಬಹುದಾದ ಊರಿನಲ್ಲಿ ಸುತ್ತಿಗೆಯನ್ನು ನಿಧಾನವಾಗಿ ಎತ್ತುವುದೇ ಬುದ್ಧಿವಂತಿಕೆ.

ಹಳೆಯ ಮನೆಯ ಮೊದಲ ಶತ್ರು ತೇವ. ಇಲ್ಲಿಯ ಗೋಡೆಗಳು ಬಹುಮಟ್ಟಿಗೆ ಇಟ್ಟಿಗೆ ಮತ್ತು ಅದುಮಿದ ಮಣ್ಣಿನವು. ನೆಲದ ನೀರು ಇವುಗಳಲ್ಲಿ ಬತ್ತಿಯಲ್ಲಿ ಎಣ್ಣೆ ಏರುವಂತೆ ಏರುವುದು. ಸುಣ್ಣದ ಗಾರೆಯ ಸಾರಣೆಯಿದ್ದರೆ ಆ ತೇವವು ಹೊರಕ್ಕೆ ಆರಿಹೋಗುವುದು. ಹೊಸ ಒಡೆಯರು ‘ಭದ್ರವಾಗಲಿ’ ಎಂದು ಸಿಮೆಂಟನ್ನು ಬಳಿಸುವರು. ಆಗ ತೇವಕ್ಕೆ ಹೊರಬರುವ ದಾರಿ ಮುಚ್ಚಿ, ಅದು ಇನ್ನೂ ಮೇಲಕ್ಕೆ ಏರಿ, ಉಪ್ಪು ಉಕ್ಕಿ, ಕೆಲವು ವರ್ಷಗಳಲ್ಲಿ ಸಾರಣೆಯು ಹಪ್ಪಳದಂತೆ ಎದ್ದುಬರುವುದು. ಸಿಮೆಂಟನ್ನು ಕಿತ್ತು ಮತ್ತೆ ಸುಣ್ಣವನ್ನು ಬಳಸುವುದಕ್ಕೆ ಎರಡು ಪಟ್ಟು ಖರ್ಚು. ಸುಣ್ಣದ ಕೆಲಸಕ್ಕೆ ಆರುವ ಕಾಲವನ್ನು ಕೊಡಬೇಕು. ಅವಸರದವನಿಗೆ ಅದು ಒಲಿಯದು.

ಎರಡನೆಯ ಶತ್ರು ಗೆದ್ದಲು. ತೊಲೆಗಳು ನೋಡುವುದಕ್ಕೆ ಗಟ್ಟಿಯಾಗಿದ್ದರೂ ಗೋಡೆಯೊಳಗೆ ಹುದುಗಿರುವ ತುದಿಗಳು ತೇವದಿಂದ ಕೊಳೆತು, ಗೆದ್ದಲಿಗೆ ಆಹಾರವಾಗಿರುವುದುಂಟು. ಆದಕಾರಣ ಕೊಳ್ಳುವ ಮೊದಲೇ ತೊಲೆಯ ತುದಿಗಳನ್ನು ಚುಚ್ಚಿ ನೋಡಿಸಬೇಕು. ಕೆಟ್ಟ ತುದಿಯನ್ನು ಮಾತ್ರ ಕತ್ತರಿಸಿ ಹೊಸ ಮರವನ್ನೋ ಉಕ್ಕನ್ನೋ ಜೋಡಿಸಿದರೆ ಇಡೀ ತೊಲೆಯು ಉಳಿಯುವುದು. ಮೂರನೆಯದು ಕಣ್ಣಿಗೆ ಕಾಣದ ಅಪಾಯ: ಕಳೆದ ಶತಮಾನದ ಮಧ್ಯದಲ್ಲಿ ಕೂಡಿಸಿದ ನೀರಿನ ತೊಟ್ಟಿಗಳಲ್ಲಿಯೂ ಕೊಳವೆಗಳಲ್ಲಿಯೂ ಕಲ್ನಾರು ಇರುವ ಸಂಭವವುಂಟು. ಇದರ ಧೂಳು ಶ್ವಾಸಕೋಶಕ್ಕೆ ಮಾರಕ. ಸ್ಪೇಯಿನಿನಲ್ಲಿ ಇದರ ಬಳಕೆಯು ೨೦೦೨ ರಿಂದ ನಿಷಿದ್ಧ. ಇದನ್ನು ಅಧಿಕೃತರಾದವರಿಂದಲೇ ತೆಗೆಸತಕ್ಕದ್ದು. ಸಾಮಾನ್ಯ ಆಳಿನ ಕೈಯಲ್ಲಿ ಒಡೆಸುವುದು ಅವನ ಪ್ರಾಣಕ್ಕೆ ಎರವಾಗುವ ಕೆಲಸ.

ಖರ್ಚಿನ ವಿಷಯದಲ್ಲಿ ಎರಡು ಮಾತು. ಸ್ವಂತ ವಾಸದ ಹಳೆಯ ಮನೆಯ ದುರಸ್ತಿಗೆ, ಗುತ್ತಿಗೆದಾರನು ತರುವ ಸಾಮಗ್ರಿಯ ಬೆಲೆಯು ಒಟ್ಟು ವೆಚ್ಚದಲ್ಲಿ ನೂರಕ್ಕೆ ೪೦ ನ್ನು ಮೀರದಿದ್ದರೆ, ನೂರಕ್ಕೆ ೨೧ ರ ಬದಲು ೧೦ ರಂತೆ ಮಾರಾಟ ತೆರಿಗೆಯಾಗುವುದು. ಪುರಸಭೆಯ ಕಟ್ಟಡ ತೆರಿಗೆಯು ವೆಚ್ಚದ ನೂರಕ್ಕೆ ೪ ರವರೆಗೂ ಇರಬಹುದು. ಗುತ್ತಿಗೆದಾರನಿಗೆ ಕೆಲಸವಾದಂತೆ ಹಣವನ್ನು ಕೊಡುತ್ತ, ಕೊನೆಯ ಒಂದು ಪಾಲನ್ನು ಎಲ್ಲ ಕೊಳವೆ, ಬಾಗಿಲು, ದೀಪಗಳನ್ನು ಪರೀಕ್ಷಿಸುವವರೆಗೆ ಹಿಡಿದಿಡುವುದು ಎಲ್ಲ ದೇಶಗಳಲ್ಲಿಯೂ ನಡೆಯುವ ಕ್ರಮ. ಪಂಚಾಂಗವನ್ನೂ ನೋಡಬೇಕು. ಆಗಸ್ಟಿನಲ್ಲಿ ಊರಿಗೆ ಊರೇ ರಜೆಯಲ್ಲಿರುವುದು. ಈಸ್ಟರಿಗೆ ಮುಂಚಿನ ಪವಿತ್ರ ವಾರದಲ್ಲಿ ಉತ್ಸವಗಳು ಹಳೆಯ ಬೀದಿಗಳನ್ನೆಲ್ಲ ತುಂಬುವುದರಿಂದ ಮರಳಿನ ಗಾಡಿಯು ಒಳಗೆ ಬರಲಾರದು.

ಬೇಸಗೆಯಲ್ಲಿ ಇಲ್ಲಿಯ ಬಿಸಿಲು ೪೦ ಡಿಗ್ರಿಯನ್ನು ದಾಟುವುದು ಸಾಮಾನ್ಯ. ಬಿಸಿಗಾಳಿಯ ಅಲೆಗಳಿಗೆ ಬಿರುಗಾಳಿಗಳಂತೆ ಹೆಸರಿಡುವ ಪದ್ಧತಿಯನ್ನು ಈ ನಗರವು ಆರಂಭಿಸಿ, ೨೦೨೨ ರ ಜುಲೈಯಲ್ಲಿ ಮೊದಲನೆಯದನ್ನು ‘ಸೋಯೆ’ ಎಂದು ಕರೆಯಿತು. ದಪ್ಪ ಗೋಡೆ, ಅಂಗಳ, ಮೇಲ್ಕಟ್ಟು, ಸುಣ್ಣದ ಬಿಳುಪು ಇವೆಲ್ಲವೂ ಈ ಸೆಕೆಗೆ ಹಿಂದಿನವರು ಕಂಡುಕೊಂಡ ಉಪಾಯಗಳು. ಅಂಗಳಕ್ಕೆ ಗಾಜಿನ ಮುಚ್ಚಳವನ್ನು ಹಾಕಿ ಕೋಣೆಯಾಗಿ ಮಾಡಿಕೊಂಡವನು, ಮೇಲಕ್ಕೆ ಹೊರಟುಹೋಗಬೇಕಾದ ಬಿಸಿಯನ್ನು ಮನೆಯಲ್ಲಿಯೇ ಕೂಡಿಹಾಕಿಕೊಂಡು, ವಿದ್ಯುಚ್ಛಕ್ತಿಗೆ ತಿಂಗಳು ತಿಂಗಳೂ ದಂಡ ತೆರುವನು.

ಕೊನೆಯದಾಗಿ, ಎಲ್ಲಕ್ಕಿಂತ ಮುಖ್ಯವಾದುದು ನೆರೆಹೊರೆ. ೧೯೬೧ ರ ನವೆಂಬರಿನಲ್ಲಿ ತಮರ್ಗೀಯೊ ಹಳ್ಳವು ಉಕ್ಕಿ ನಗರಕ್ಕೆ ನುಗ್ಗಿದಾಗ ಸಾವಿರಾರು ಸಂಸಾರಗಳು ಮನೆಗಳನ್ನು ಕಳೆದುಕೊಂಡುವು. ಆ ಕಾಲದಲ್ಲಿಯೇ ಹಳೆಯ ಭಾಗದ ಬಡವರು ಅನೇಕರು ಊರ ಹೊರಗಿನ ಹೊಸ ಬಡಾವಣೆಗಳಿಗೆ ಹೋಗಬೇಕಾಯಿತು. ಈಗ ನೀರಿನ ಬದಲು ಹಣದ ಪ್ರವಾಹ. ಮನೆಗಳನ್ನು ಕೊಂಡು ಪ್ರವಾಸಿಗಳಿಗೆ ದಿನದ ಬಾಡಿಗೆಗೆ ಕೊಡುವುದು ಹೆಚ್ಚಿದ್ದರಿಂದ, ಹುಟ್ಟಿದ ಬೀದಿಯಲ್ಲಿ ಬಾಡಿಗೆ ತೆರಲಾರದೆ ಜನರು ಸಂಕಟಪಡುತ್ತಿದ್ದಾರೆ. ೨೦೨೪ ರಲ್ಲಿ ಮಾಲಗ, ಬಾರ್ಸಲೋನ ಮೊದಲಾದ ನಗರಗಳಲ್ಲಿ ಇದಕ್ಕಾಗಿ ದೊಡ್ಡ ಮೆರವಣಿಗೆಗಳು ನಡೆದುವು. ೨೦೨೫ ರ ಏಪ್ರಿಲ್ ೩ ರಿಂದ, ಕಟ್ಟಡದ ಒಂದು ಭಾಗವನ್ನು ಹೊಸದಾಗಿ ಪ್ರವಾಸಿಗಳ ಬಾಡಿಗೆಗೆ ಇಡಬೇಕಾದರೆ ಸಹವಾಸಿಗಳಲ್ಲಿ ಐದರಲ್ಲಿ ಮೂರು ಪಾಲಿನ ಒಪ್ಪಿಗೆ ಬೇಕೆಂದು ಶಾಸನವಾಗಿದೆ. ಪರದೇಶೀಯನು ಮನೆಯನ್ನು ಕೊಂಡಾಗ ಎದುರುಮನೆಯ ಮುದುಕಿಯು ಅವನನ್ನು ಸಂಶಯದಿಂದ ನೋಡಿದರೆ, ಅದಕ್ಕೆ ಕಾರಣವಿಲ್ಲದಿಲ್ಲ.

ಈ ಸಂಶಯವನ್ನು ನೀಗಿಸುವ ಉಪಾಯವು ಕಠಿಣವೇನಲ್ಲ. ಕೆಲಸವನ್ನು ಆರಂಭಿಸುವ ಮೊದಲು ಅಕ್ಕಪಕ್ಕದ ಬಾಗಿಲುಗಳನ್ನು ತಟ್ಟಿ, ಎಷ್ಟು ದಿನ ಧೂಳು ಇರುವುದು, ಯಾವ ಹೊತ್ತಿನಲ್ಲಿ ಸುತ್ತಿಗೆಯ ಸದ್ದಾಗುವುದು ಎಂದು ನಾಲ್ಕು ಮಾತುಗಳನ್ನು ಅವರ ಭಾಷೆಯಲ್ಲಿಯೇ ಹೇಳಬೇಕು. ಮಧ್ಯಾಹ್ನದ ಊಟ ವಿಶ್ರಾಂತಿಗಳ ಹೊತ್ತಿನಲ್ಲಿ ಸುತ್ತಿಗೆಯನ್ನು ನಿಲ್ಲಿಸಬೇಕು. ಊರಿನ ಕುಶಲ ಕೆಲಸಗಾರರಿಗೇ ಕೆಲಸವನ್ನು ಕೊಡಬೇಕು. ನದಿಯಾಚೆಯ ತ್ರಿಯಾನದಲ್ಲಿ ಬಿಲ್ಲೆಗಳನ್ನು ಮಾಡುವ ಕಸುಬು ಇಂದಿಗೂ ಉಳಿದಿದೆ. ಮುರಿದ ಬಿಲ್ಲೆಯ ಬಣ್ಣಕ್ಕೆ ಹೊಂದುವ ಬಿಲ್ಲೆಯನ್ನು ಅಲ್ಲಿ ಸುಡಿಸಬಹುದು. ಹೀಗೆ ನಡೆದುಕೊಂಡವನಿಗೆ, ಅವನು ಊರಿನಲ್ಲಿಲ್ಲದ ತಿಂಗಳುಗಳಲ್ಲಿ ಕೊಳವೆ ಒಡೆದರೆ ಸುದ್ದಿ ಕಳುಹಿಸುವವರೂ, ಚಾವಿಯನ್ನು ಇಟ್ಟುಕೊಂಡು ಅಂಗಳದ ಗಿಡಗಳಿಗೆ ನೀರೆರೆಯುವವರೂ ದೊರೆಯುವರು. ಹಣವನ್ನು ಕೂಡಿಸಿಟ್ಟು ಇಂತಹ ಮನೆಯ ಕನಸನ್ನು ಕಾಣುತ್ತಿರುವ ನಮ್ಮ ವಾಚಕರಲ್ಲಿ ಯಾರಾದರೂ ಇದ್ದರೆ, ಅವರು ನಕ್ಷೆಯನ್ನು ಬರೆಯಿಸುವ ಮೊದಲು ಒಂದು ಬೇಸಗೆಯನ್ನೂ ಒಂದು ಮಳೆಗಾಲವನ್ನೂ ಆ ಬೀದಿಯಲ್ಲಿ ಬಾಡಿಗೆಗೆ ಇದ್ದು ಕಳೆಯಲಿ. ಗೋಡೆಯ ತೇವವು ಎಲ್ಲಿ ಏರುವುದು, ಬಿಸಿಲು ಯಾವ ಕೋಣೆಗೆ ಬೀಳುವುದು, ನೆರೆಯವರು ಯಾರು ಎಂಬ ಮೂರು ಸಂಗತಿಗಳೂ ಆಗ ಅವರಿಗೆ ತಾವಾಗಿಯೇ ತಿಳಿಯುವುವು.